ಪರ್ಸೆಂಟ್ ಬಿಡಿ, ಯೂನಿಟ್ ಎಣಿಸಿ

ದಾವಣಗೆರೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಎಲೆಕ್ಟ್ರಿಕ್ ಕಾರಿನ ಓಟ, ಚಾರ್ಜಿಂಗ್ ಬಗ್ಗೆ ಆಡಿದ ಮಾತುಗಳ ಬರಹ ರೂಪ ಇದು. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಡಿಪ್ಲೊಮಾ ಮಕ್ಕಳಿಗೆ ಎಲೆಕ್ಟ್ರಿಕಲ್ ಪಾಠ ಮಾಡಿ ರಿಟೈರ್ ಆದವನು. ನಾಲ್ಕು ವರ್ಷದಿಂದ ಎಲೆಕ್ಟ್ರಿಕ್ ಕಾರು ಓಡಿಸುತ್ತಿದ್ದೇನೆ. ಮಗಳು ಬೆಂಗಳೂರಿನಲ್ಲಿದ್ದಾಳೆ. ಹಾಗಾಗಿ ತಿಂಗಳಿಗೆ ಒಂದು ಸಲವಾದರೂ ಈ ಹೈವೇ ಹಿಡಿಯುತ್ತೇನೆ. ಆನಗೋಡು, ಭರಮಸಾಗರ, ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು, ನೆಲಮಂಗಲ. ಹೋಗುತ್ತಾ ಸುಮಾರು 260 ಕಿ.ಮೀ., ಬರುತ್ತಾ ಅಷ್ಟೇ. ಪ್ರತಿ ಸಲವೂ ಎಷ್ಟು ಕರೆಂಟು ಹೋಯಿತು ಅಂತ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಇವತ್ತಿನ ಮಾತೆಲ್ಲ ಆ ನೋಟ್‌ಬುಕ್ಕಿನದು.

ಈಗ ಒಳಗೆ ಬರುವಾಗ ಬಾಗಿಲಲ್ಲೇ ಒಬ್ಬರು ಕೇಳಿದರು. "ಮೇಷ್ಟ್ರೇ, ಒಂದು ಸಲ ಚಾರ್ಜ್ ಮಾಡಿದ್ರೆ ನಿಮ್ಮ ಕಾರು ಎಷ್ಟು ಓಡುತ್ತೆ?" ನಾನು ತಿರುಗಿ ಕೇಳಿದೆ: "ಯಾವ ಕಡೆಗೆ? ಯಾವ ತಿಂಗಳಲ್ಲಿ? ಎಷ್ಟು ಸ್ಪೀಡಲ್ಲಿ?" ಅವರು ಉತ್ತರಕ್ಕೆ ಕಾದು ನಿಂತರು. ನಾನು ತಪ್ಪಿಸಿಕೊಳ್ಳಲು ಕೇಳಿದ್ದಲ್ಲ. ಈ ಮೂರು ಗೊತ್ತಾಗದೆ ಅವರ ಪ್ರಶ್ನೆಗೆ ಉತ್ತರವೇ ಇಲ್ಲ. ಯಾಕೆ ಅಂತ ಹೇಳೋದಕ್ಕೇ ಬಂದಿದ್ದೇನೆ.

ಮೊದಲು ಒಂದು ಮಾತು. ಕಾರಿನ ವಿಷಯ ಬಂದ ಕೂಡಲೇ ಜನ ಕಿಲೋವ್ಯಾಟ್ ಅವರ್ ಅನ್ನೋ ಹೆಸರು ಕೇಳಿ ಹೆದರುತ್ತಾರೆ. ಹೆದರಬೇಕಾದ್ದು ಏನೂ ಇಲ್ಲ. ನಿಮ್ಮ ಮನೆಯ ಲೈಟ್ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ ಏನಿದೆ, ಅದೇ ಒಂದು ಕಿಲೋವ್ಯಾಟ್ ಅವರ್. 40 ಕಿಲೋವ್ಯಾಟ್ ಅವರ್ ಬ್ಯಾಟರಿ ಅಂದರೆ 40 ಯೂನಿಟ್ ಹಿಡಿಯುವ ಡಬ್ಬ. ಇನ್ನು ಕಿಲೋವ್ಯಾಟ್ ಅಂದರೆ ಗಂಟೆಗೆ ಎಷ್ಟು ಯೂನಿಟ್ ಒಳಗೆ ಹೋಗುತ್ತದೆ ಅನ್ನೋ ಲೆಕ್ಕ. 30 ಕಿಲೋವ್ಯಾಟ್ ಚಾರ್ಜರ್ ಅಂದರೆ ಗಂಟೆಗೆ ಹೆಚ್ಚೆಂದರೆ 30 ಯೂನಿಟ್. ಇಷ್ಟು ತಿಳಿದರೆ ಉಳಿದದ್ದೆಲ್ಲ ಕೂಡಿಸಿ ಕಳೆಯುವ ಲೆಕ್ಕ.

ನನ್ನ ಕಾರಿನದು 40 ಯೂನಿಟ್ ಬ್ಯಾಟರಿ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 9 ಯೂನಿಟ್ ಶಕ್ತಿ ಬರುತ್ತದೆ. ಅಂದರೆ ನನ್ನ ಇಡೀ ಬ್ಯಾಟರಿಯಲ್ಲಿ ಇರೋದು ನಾಲ್ಕೂವರೆ ಲೀಟರ್ ಪೆಟ್ರೋಲಿನಷ್ಟು ಶಕ್ತಿ. ಅಷ್ಟರಲ್ಲಿ ಇನ್ನೂರೈವತ್ತು ಕಿಲೋಮೀಟರ್ ಓಡುತ್ತದೆ. ಇದನ್ನು ನಾನು ಮಕ್ಕಳಿಗೆ ಹೇಳುವಾಗಲೆಲ್ಲ ಒಂದು ಕ್ಷಣ ನಿಲ್ಲುತ್ತೇನೆ. ಪೆಟ್ರೋಲ್ ಎಂಜಿನ್ ಮೂರರಲ್ಲಿ ಎರಡು ಪಾಲು ಶಕ್ತಿಯನ್ನು ಬಿಸಿ ಮಾಡಿಯೇ ಹೊರಗೆ ಬಿಡುತ್ತದೆ. ಮೋಟಾರ್ ಹಾಗಲ್ಲ, ಹತ್ತರಲ್ಲಿ ಒಂಬತ್ತು ಪಾಲನ್ನು ಚಕ್ರಕ್ಕೆ ಕೊಡುತ್ತದೆ. ಇದರಲ್ಲೇ ಇನ್ನೊಂದು ವಿಷಯ ಅಡಗಿದೆ. ಅಷ್ಟು ಕಡಿಮೆ ಶಕ್ತಿಯಲ್ಲಿ ಓಡುವ ಗಾಡಿಗೆ ಎದುರು ಗಾಳಿ, ಏರು, ಸ್ಪೀಡು, ಎಲ್ಲವೂ ಎದ್ದು ಕಾಣುತ್ತವೆ. ಪೆಟ್ರೋಲ್ ಕಾರಿಗೂ ಅದೇ ಗಾಳಿ ಹೊಡೆಯುತ್ತದೆ. ಅಲ್ಲಿ ದೊಡ್ಡ ನಷ್ಟದ ನಡುವೆ ಸಣ್ಣ ನಷ್ಟ ಕಾಣುವುದಿಲ್ಲ, ಅಷ್ಟೇ.

ಈಗ ಶೋರೂಮಿನಲ್ಲಿ ಹೇಳುವ ಸಂಖ್ಯೆಗೆ ಬರೋಣ. 2020ರಲ್ಲಿ ಟಾಟಾ ನೆಕ್ಸಾನ್ ಇವಿ ಬಂದಾಗ 30.2 ಯೂನಿಟ್ ಬ್ಯಾಟರಿಗೆ 312 ಕಿ.ಮೀ. ಅಂತ ಪರೀಕ್ಷೆಯ ಲೆಕ್ಕ ಇತ್ತು. ಆಮೇಲೆ ಬಂದ 45 ಯೂನಿಟ್ ನೆಕ್ಸಾನ್‌ಗೆ 489 ಕಿ.ಮೀ. ಇದು ಸುಳ್ಳು ಲೆಕ್ಕ ಅಲ್ಲ. ಆದರೆ ಆ ಪರೀಕ್ಷೆ ನಡೆಯೋದು ರಸ್ತೆಯಲ್ಲಿ ಅಲ್ಲ. ಲ್ಯಾಬಿನೊಳಗೆ, ತಿರುಗುವ ರೋಲರ್ ಮೇಲೆ ಕಾರು ನಿಲ್ಲಿಸಿ ಓಡಿಸುತ್ತಾರೆ. ಅದರಲ್ಲಿ ಅತಿ ಹೆಚ್ಚು ಸ್ಪೀಡ್ 90, ಅದೂ ಸ್ವಲ್ಪ ಹೊತ್ತು. ಉಳಿದದ್ದೆಲ್ಲ ಪೇಟೆಯಲ್ಲಿ ಓಡಿಸಿದ ಹಾಗೆ, ನಿಂತು ಹೊರಟು, ನಿಂತು ಹೊರಟು. ಅದಕ್ಕೇ ಕಂಪನಿಯೇ ಅದೇ ಕಾರಿಗೆ ಇನ್ನೊಂದು ಸಂಖ್ಯೆಯನ್ನೂ ಹೇಳಿತು. ನಿಜವಾದ ರಸ್ತೆಯಲ್ಲಿ 350ರಿಂದ 370 ಕಿ.ಮೀ. ಅಂತ. ಭಾಗಿಸಿ ನೋಡಿ. ಲ್ಯಾಬಿನಲ್ಲಿ ಯೂನಿಟ್‌ಗೆ ಹನ್ನೊಂದು ಕಿಲೋಮೀಟರ್ ಹತ್ತಿರ, ರಸ್ತೆಯಲ್ಲಿ ಎಂಟು. ನಮ್ಮ ಹೈವೇಯಲ್ಲಿ ನನ್ನ ನೋಟ್‌ಬುಕ್ಕಿನ ಪ್ರಕಾರ 90ರ ಸ್ಪೀಡಿಗೆ ಆರೂವರೆ. ನಿಮ್ಮ ಗಾಡಿಗೆ ಬೇರೆ ಇರಬಹುದು. ಎರಡು ತಿಂಗಳು ಬರೆದುಕೊಳ್ಳಿ, ನಿಮ್ಮ ಸಂಖ್ಯೆ ನಿಮಗೇ ಸಿಗುತ್ತದೆ. ಆ ಒಂದು ಸಂಖ್ಯೆ ಕೈಯಲ್ಲಿದ್ದರೆ ಭಯ ಅರ್ಧ ಹೋಗುತ್ತದೆ.

ಸ್ಪೀಡ್ ಏನು ಮಾಡುತ್ತದೆ ಅನ್ನೋದು ಇದರಲ್ಲಿ ಮುಖ್ಯ. ಗಾಡಿಗೆ ಎದುರಾಗುವ ಶಕ್ತಿಗಳು ದೊಡ್ಡದಾಗಿ ಎರಡು. ಒಂದು ಟೈರು ಉರುಳುವಾಗಿನ ಎಳೆತ. ಅದು ಸ್ಪೀಡ್ ಏರಿದರೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಇನ್ನೊಂದು ಗಾಳಿ. ಗಾಳಿಯ ತಡೆ ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. 80ರಲ್ಲಿ ಹೋಗುತ್ತಿದ್ದವರು 100ಕ್ಕೆ ಹೋದರೆ ಸ್ಪೀಡ್ ಕಾಲು ಭಾಗ ಮಾತ್ರ ಜಾಸ್ತಿ ಆಯಿತು. ಗಾಳಿಯ ತಡೆ ಒಂದಕ್ಕೆ ಒಂದೂವರೆ ಪಟ್ಟು ಆಯಿತು. ಎರಡನ್ನೂ ಸೇರಿಸಿ ನೋಡಿದರೆ ನನ್ನಂಥ ಕಾರಿಗೆ 80ರಲ್ಲಿ ಯೂನಿಟ್‌ಗೆ ಎಂಟು ಕಿಲೋಮೀಟರ್ ಸಿಗೋದು 100ರಲ್ಲಿ ಆರಕ್ಕೆ ಇಳಿಯುತ್ತದೆ. ದಾವಣಗೆರೆಯಿಂದ ಶಿರಾ 140 ಕಿ.ಮೀ. ಅಂತ ಇಟ್ಟುಕೊಳ್ಳಿ. 80ರಲ್ಲಿ ಹದಿನೇಳೂವರೆ ಯೂನಿಟ್. 100ರಲ್ಲಿ ಇಪ್ಪತ್ತಮೂರಕ್ಕೂ ಜಾಸ್ತಿ. ಉಳಿಯೋ ಸಮಯ 21 ನಿಮಿಷ. ಆ ಹೆಚ್ಚಿನ ಆರು ಯೂನಿಟ್ ಮತ್ತೆ ತುಂಬೋಕೆ ಒಳ್ಳೆಯ ಚಾರ್ಜರಿನಲ್ಲಿ ಎಂಟೊಂಬತ್ತು ನಿಮಿಷ. ಹಾಗಾಗಿ ದಾರಿಯಲ್ಲಿ ಚೆನ್ನಾಗಿ ಕೆಲಸ ಮಾಡುವ ಚಾರ್ಜರ್ ಇದೆ ಅಂತ ಖಾತ್ರಿ ಇದ್ದರೆ ಜೋರಾಗಿ ಹೋದರೂ ಲಾಭವೇ. ಖಾತ್ರಿ ಇಲ್ಲದಿದ್ದರೆ 80 ನಿಮ್ಮ ಆಪದ್ಬಂಧು. ಇದು ನನಗೆ ಪುಸ್ತಕದಿಂದ ಬಂದ ಬುದ್ಧಿ ಅಲ್ಲ.

ಎರಡು ವರ್ಷದ ಹಿಂದೆ, ಆಷಾಢದಲ್ಲಿ ನಡೆದದ್ದು ಹೇಳುತ್ತೇನೆ.

ಬೆಂಗಳೂರಿನಿಂದ ಸಂಜೆ ನಾಲ್ಕಕ್ಕೆ ಹೊರಟೆವು. ನಾನು, ನನ್ನ ಮನೆಯವರು, ಮೊಮ್ಮಗ. ಬ್ಯಾಟರಿ 90 ಪರ್ಸೆಂಟ್, ಅಂದರೆ 36 ಯೂನಿಟ್. ಡ್ಯಾಶ್‌ಬೋರ್ಡ್ 270 ಕಿ.ಮೀ. ಹೋಗಬಹುದು ಅಂತ ತೋರಿಸುತ್ತಿತ್ತು. ಊರು 260. ಆದರೂ ಹಿರಿಯೂರಿನ ಹತ್ತಿರ ಒಂದು ಚಾರ್ಜರ್ ನೋಡಿಟ್ಟುಕೊಂಡಿದ್ದೆ. ನಿಶ್ಚಿಂತೆಯಿಂದ 95, 100ರಲ್ಲಿ ಬಂದೆ. ಶಿರಾ ದಾಟಿದ ಮೇಲೆ ಗಾಡಿ ಸ್ವಲ್ಪ ಪಕ್ಕಕ್ಕೆ ಎಳೆದ ಹಾಗೆ ಆಗುತ್ತಿತ್ತು. ರಸ್ತೆ ಪಕ್ಕದ ಬೇವಿನ ಮರಗಳೆಲ್ಲ ಒಂದೇ ಕಡೆ ಬಾಗಿದ್ದವು. ಪರ್ಸೆಂಟ್ ಇಳಿಯುತ್ತಾ ಹೋಯಿತು. ಚಾರ್ಜರ್ ಹತ್ತಿರ ಬಂದಾಗ 12. ಅಲ್ಲಿ ನೋಡಿದರೆ ಸ್ಕ್ರೀನ್ ಕಪ್ಪಾಗಿತ್ತು. ಮಧ್ಯಾಹ್ನದಿಂದ ಹಾಗೇ ಇದೆ ಅಂತ ಪಕ್ಕದ ಅಂಗಡಿಯವರು ಹೇಳಿದರು.

12 ಪರ್ಸೆಂಟ್ ಅಂದರೆ ನನ್ನ ಗಾಡಿಯಲ್ಲಿ 5 ಯೂನಿಟ್‌ಗೂ ಸ್ವಲ್ಪ ಕಡಿಮೆ. ಚಿತ್ರದುರ್ಗ ಇನ್ನೂ 40 ಕಿ.ಮೀ. ಅವತ್ತು ಬಂದ ರೀತಿ ಲೆಕ್ಕ ಹಾಕಿದೆ. 31 ಯೂನಿಟ್‌ಗೆ 165 ಕಿ.ಮೀ. ಯೂನಿಟ್‌ಗೆ ಐದೂಕಾಲು. ಇದೇ ರೀತಿ ಹೋದರೆ ಇಪ್ಪತ್ತೈದಕ್ಕೆ ಗಾಡಿ ನಿಲ್ಲುತ್ತದೆ. ರಸ್ತೆ ಬದಿಯ ಒಂದು ಸಣ್ಣ ಹೋಟೆಲಿನವರನ್ನು ಕೇಳಿದೆ. "ಯಜಮಾನ್ರೇ, 15 ಆಂಪಿಯರ್ ಪ್ಲಗ್ ಇದ್ರೆ ಸ್ವಲ್ಪ ಹೊತ್ತು ಕೊಡ್ತೀರಾ? ದುಡ್ಡು ಕೊಡ್ತೀನಿ." ಅವರು ಗ್ರೈಂಡರ್ ವೈರು ಕಿತ್ತು ಆ ಪ್ಲಗ್ಗನ್ನೇ ನನಗೆ ಕೊಟ್ಟರು. ವೋಲ್ಟೇಜ್ 195ಕ್ಕೆ ಇಳಿದಿತ್ತು. ಗಂಟೆಗೆ ಎರಡೂವರೆ ಯೂನಿಟ್ ಹೋಗುತ್ತಿತ್ತು. ಒಂದೂವರೆ ಗಂಟೆ ಅಲ್ಲೇ ಕೂತೆವು. ಮೊಮ್ಮಗ ಮಂಡಕ್ಕಿ ತಿಂದು ಮಲಗಿದ. ಬ್ಯಾಟರಿಗೆ ಮೂರು ಚಿಲ್ಲರೆ ಯೂನಿಟ್ ಸೇರಿ ಎಂಟು ದಾಟಿತು. ಅಲ್ಲಿಂದ 60ರ ಮೇಲೆ ಹೋಗಲಿಲ್ಲ. ಲಾರಿಗಳು ನಮ್ಮನ್ನು ದಾಟಿ ಹೋಗುತ್ತಿದ್ದವು. ಆ ಗಾಳಿಯಲ್ಲೂ ಯೂನಿಟ್‌ಗೆ ಏಳರ ಮೇಲೆ ಸಿಕ್ಕಿತು. ಚಿತ್ರದುರ್ಗದ ಚಾರ್ಜರ್ ಮುಟ್ಟಿದಾಗ 6 ಪರ್ಸೆಂಟ್ ಉಳಿದಿತ್ತು. ಹೋಟೆಲಿನವರು ದುಡ್ಡು ತಗೊಳ್ಳಲಿಲ್ಲ. ಈಗಲೂ ಆ ದಾರಿಯಲ್ಲಿ ಹೋದರೆ ಅಲ್ಲಿ ಟೀ ಕುಡಿದೇ ಹೋಗುತ್ತೇವೆ.

ಮನೆಗೆ ಬಂದ ಮೇಲೆ ಕೂತು ಯೋಚಿಸಿದೆ. ಎಲ್ಲಿ ತಪ್ಪಿದೆ? ಮೊದಲನೆಯದು, ಡ್ಯಾಶ್‌ಬೋರ್ಡಿನ 270. ಅದು ಮುಂದಿನ ದಾರಿ ನೋಡಿ ಹೇಳಿದ ಸಂಖ್ಯೆ ಅಲ್ಲ, ಹಿಂದಿನ ದಾರಿ ನೋಡಿ ಹೇಳಿದ್ದು. ಮೂರು ದಿನ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಓಡಿಸಿದ್ದೆ. ನಿಧಾನದ ಓಟದಲ್ಲಿ ಗಾಳಿಯ ತಡೆ ಬಹಳ ಕಡಿಮೆ. ಬ್ರೇಕ್ ಹಾಕಿದಾಗ ಮೋಟಾರೇ ಡೈನಮೋ ಆಗಿ ಒಂದಷ್ಟು ಕರೆಂಟು ವಾಪಸ್ ಕೊಡುತ್ತದೆ. ಪೆಟ್ರೋಲ್ ಕಾರು ಹೈವೇಯಲ್ಲಿ ಮೈಲೇಜ್ ಜಾಸ್ತಿ ಕೊಡುತ್ತದೆ, ಎಲೆಕ್ಟ್ರಿಕ್ ಕಾರು ಪೇಟೆಯಲ್ಲಿ ಜಾಸ್ತಿ ಕೊಡುತ್ತದೆ. ಪೆಟ್ರೋಲ್ ಗಾಡಿ ಓಡಿಸಿ ಅಭ್ಯಾಸ ಆದವರು ಮೊದಲು ತಲೆಗೆ ಹಾಕಿಕೊಳ್ಳಬೇಕಾದ್ದು ಇದು.

ಎರಡನೆಯದು ಗಾಳಿ. ನಾವು ಈ ಊರಿನವರು, ನಮಗೆ ಗೊತ್ತಿರಬೇಕಿತ್ತು. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಫ್ಯಾನು ನಿಲ್ಲಿಸಿರೋದು ಯಾಕೆ ಹೇಳಿ? ಮುಂಗಾರಿನ ಗಾಳಿ ಪಶ್ಚಿಮದಿಂದ ಬಂದು ಆ ಗುಡ್ಡಗಳ ಮೇಲೆ ಹಾಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವು ತಿರುಗುವ ರಭಸ ನೋಡಿದ್ದೀರಿ. ಬೆಂಗಳೂರಿನಿಂದ ದಾವಣಗೆರೆಗೆ ಬರುವವರು ವಾಯವ್ಯದ ಕಡೆ ಬರುತ್ತಾರೆ. ಅಂದರೆ ಗಾಳಿ ಮೂತಿಗೆ, ಸ್ವಲ್ಪ ಎಡಗಡೆಯಿಂದ. ಗಾಡಿ 80ರಲ್ಲಿದ್ದು ಎದುರು ಗಾಳಿ 20 ಇದ್ದರೆ ಗಾಡಿಯ ಮೂತಿಗೆ ಅದು 100. ಕಾರು ಲೆಕ್ಕ ಇಡೋದು ಚಕ್ರದ ಸ್ಪೀಡ್, ಖರ್ಚು ಮಾಡೋದು ಗಾಳಿಯ ಸ್ಪೀಡಿಗೆ. ನಾನು 100ರಲ್ಲಿ ಬರುತ್ತಿದ್ದೆ. ಗಾಳಿಯ ಪಾಲಿಗೆ ನಾನು 120ರಲ್ಲಿದ್ದೆ.

ಏರು ಇಳಿಜಾರಿನ ಬಗ್ಗೆ ಜನ ಜಾಸ್ತಿ ಕೇಳುತ್ತಾರೆ. ಅದು ಅಷ್ಟು ದೊಡ್ಡದಲ್ಲ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಬೆಂಗಳೂರು 920. ಜನ ಸೇರಿ 1,700 ಕೆ.ಜಿ. ತೂಕದ ಗಾಡಿಯನ್ನು 320 ಮೀಟರ್ ಎತ್ತಲು ಬೇಕಾಗೋದು ಒಂದೂವರೆ ಯೂನಿಟ್. ಹತ್ತು ಕಿಲೋಮೀಟರ್ ಕಡಿಮೆ ಸಿಗುತ್ತದೆ, ಅಷ್ಟೇ. ಬರುವಾಗ ಅದರಲ್ಲಿ ದೊಡ್ಡ ಪಾಲು ವಾಪಸ್ ಬರುತ್ತದೆ. ಅವತ್ತು ನಾನು ಇಳಿಜಾರಿನ ಕಡೆ ಬರುತ್ತಿದ್ದೆ, ಆದರೂ ಸೋತೆ. ಗಾಳಿ ಗುಡ್ಡಕ್ಕಿಂತ ದೊಡ್ಡದು.

ಎ.ಸಿ. ವಿಷಯ. ಎ.ಸಿ. ತಿನ್ನೋದು ಗಂಟೆಯ ಲೆಕ್ಕದಲ್ಲಿ, ಕಿಲೋಮೀಟರಿನ ಲೆಕ್ಕದಲ್ಲಿ ಅಲ್ಲ. ಗಂಟೆಗೆ ಸುಮಾರು ಒಂದು ಯೂನಿಟ್. ಹೈವೇಯಲ್ಲಿ ಆ ಗಂಟೆಗೆ 90 ಕಿ.ಮೀ. ಹೋಗಿರುತ್ತೀರಿ, ಹದಿನಾಲ್ಕು ಯೂನಿಟ್ ಹೋಗಿರುತ್ತದೆ, ಅದರಲ್ಲಿ ಒಂದು ಲೆಕ್ಕಕ್ಕಿಲ್ಲ. ಮೇ ತಿಂಗಳ ಮಧ್ಯಾಹ್ನ ಮಂಡಿಪೇಟೆಯ ಕಡೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಲೆಕ್ಕ ಬೇರೆ. ಹೈವೇಯಲ್ಲಿ ಎ.ಸಿ. ಆಫ್ ಮಾಡಿ ಬೆವರುತ್ತಾ ಕೂರುವವರನ್ನು ನೋಡಿದ್ದೇನೆ. ಅದು ಬೇಡ. ಸ್ಪೀಡ್ ಐದು ಇಳಿಸಿ, ಎ.ಸಿ. ಹಾಕಿಕೊಳ್ಳಿ. ಟೈರಿನ ಗಾಳಿ ಮಾತ್ರ ತಿಂಗಳಿಗೊಮ್ಮೆ ನೋಡಿಸಿ.

ಈಗ ಚಾರ್ಜಿಂಗ್. ಇಲ್ಲೊಬ್ಬ ಯುವಕರು, ಟ್ಯಾಕ್ಸಿ ಓಡಿಸುವವರು, ಕೈ ಎತ್ತಿದರು. "ಸರ್, 120 ಕಿಲೋವ್ಯಾಟ್ ಚಾರ್ಜರ್ ಅಂತ ಹುಡುಕ್ಕೊಂಡು ಹೋದೆ. ನನ್ನ ಗಾಡಿ ಇಪ್ಪತ್ತೈದರ ಮೇಲೆ ಎಳೀಲೇ ಇಲ್ಲ. ಚಾರ್ಜರ್ ಕೆಟ್ಟಿತ್ತಾ?"

ಕೆಟ್ಟಿರಲಿಲ್ಲ ತಮ್ಮಾ. ಬೋರ್ಡಿನ ಮೇಲಿರುವ ಸಂಖ್ಯೆ ಚಾರ್ಜರ್ ಎಷ್ಟು ಕೊಡಬಲ್ಲದು ಅನ್ನೋದು. ಎಷ್ಟು ತಗೊಳ್ಳಬೇಕು ಅಂತ ಹೇಳೋದು ಗಾಡಿ. ಗನ್, ಅಂದರೆ ಚಾರ್ಜರಿನ ಕೇಬಲ್ ತುದಿಯ ಪ್ಲಗ್, ಹಾಕಿದ ಕೂಡಲೇ ಗಾಡಿ ಮತ್ತು ಚಾರ್ಜರ್ ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ. ಬ್ಯಾಟರಿ ಎಷ್ಟು ಬಿಸಿ ಇದೆ, ಎಷ್ಟು ತುಂಬಿದೆ ನೋಡಿ ಗಾಡಿ ಇಷ್ಟು ಆಂಪಿಯರ್ ಕೊಡು ಅಂತ ಕೇಳುತ್ತದೆ. ಚಾರ್ಜರ್ ಅದಕ್ಕಿಂತ ಜಾಸ್ತಿ ಕೊಡುವ ಹಾಗಿಲ್ಲ. ನಿಮ್ಮ ಗಾಡಿಯ ಬ್ಯಾಟರಿ 24 ಯೂನಿಟ್. ಸಣ್ಣ ಬ್ಯಾಟರಿಗೆ ಹಸಿವೂ ಸಣ್ಣದು. 79 ಯೂನಿಟ್ ಬ್ಯಾಟರಿಯ ದೊಡ್ಡ ಗಾಡಿ ಅದೇ ಗನ್ನಿನಿಂದ ನೂರರ ಮೇಲೆ ಎಳೆಯಬಹುದು. ಇನ್ನೊಂದು ವಿಷಯ. ಒಂದೇ ಚಾರ್ಜರಿಗೆ ಎರಡು ಗನ್ ಇದ್ದರೆ ಎಷ್ಟೋ ಕಡೆ ಎರಡು ಗಾಡಿ ಬಂದ ಕೂಡಲೇ ಶಕ್ತಿ ಹಂಚಿಹೋಗುತ್ತದೆ. 60 ಅಂತ ಬರೆದದ್ದು 30, 30 ಆಗುತ್ತದೆ. ಪಕ್ಕದ ಗಾಡಿ ಹೋದ ಕೂಡಲೇ ನಿಮ್ಮದು ಏರಿದರೆ ಇದೇ ಕಾರಣ.

ಹೊಸ ಗಾಡಿಗಳಲ್ಲಿ 800 ವೋಲ್ಟ್ ಅಂತ ಕೇಳಿರುತ್ತೀರಿ. ಕಿಲೋವ್ಯಾಟ್ ಅಂದರೆ ವೋಲ್ಟ್ ಮತ್ತು ಆಂಪಿಯರ್ ಗುಣಿಸಿ ಸಾವಿರದಿಂದ ಭಾಗಿಸಿದ್ದು. 320 ವೋಲ್ಟಿನ ಬ್ಯಾಟರಿಗೆ 100 ಆಂಪಿಯರ್ ಕೊಟ್ಟರೆ 32 ಕಿಲೋವ್ಯಾಟ್ ಮಾತ್ರ. ಜಾಸ್ತಿ ಬೇಕು ಅಂತ ಆಂಪಿಯರ್ ಎರಡು ಪಟ್ಟು ಮಾಡಿದರೆ ಅದೇ ಕೇಬಲ್ಲಿನಲ್ಲಿ ಬಿಸಿ ನಾಲ್ಕು ಪಟ್ಟು. ವೋಲ್ಟ್ ಎರಡು ಪಟ್ಟು ಮಾಡಿದರೆ ಆ ತೊಂದರೆ ಇಲ್ಲ. ಹ್ಯುಂಡೈ ಅಯಾನಿಕ್ 5 ಅಂಥ ಗಾಡಿ. 350 ಕಿಲೋವ್ಯಾಟ್ ಚಾರ್ಜರ್ ಸಿಕ್ಕರೆ 18 ನಿಮಿಷದಲ್ಲಿ 10ರಿಂದ 80 ಪರ್ಸೆಂಟ್ ಅಂತ ಕಂಪನಿ ಹೇಳುತ್ತದೆ.

ಎಲ್ಲರೂ 80, 80 ಅಂತಾರಲ್ಲ, 100 ಅಂತ ಯಾಕೆ ಹೇಳುವುದಿಲ್ಲ? ಇದನ್ನು ತಿಳಿಯಲು ನಮ್ಮ ಎಪಿಎಂಸಿ ಯಾರ್ಡಿಗೆ ಹೋಗಬೇಕು.

ಸುಗ್ಗಿಯಲ್ಲಿ ಅಲ್ಲಿ ಮೆಕ್ಕೆಜೋಳ ತುಂಬೋದನ್ನು ನೋಡಿ. ಚೀಲ ಖಾಲಿ ಇದ್ದಾಗ ಹಮಾಲರು ಬುಟ್ಟಿ ಬುಟ್ಟಿಯೇ ಸುರಿಯುತ್ತಾರೆ. ಮುಕ್ಕಾಲು ತುಂಬಿದ ಮೇಲೆ ಕೈ ನಿಧಾನ ಆಗುತ್ತದೆ. ಚೀಲ ಎತ್ತಿ ಕುಕ್ಕುತ್ತಾರೆ, ಕಾಳು ಕೂರಲಿ ಅಂತ. ಕೊನೆಗೆ ಹಿಡಿ ಹಿಡಿ ಹಾಕಿ ಬಾಯಿ ಹೊಲಿಯುತ್ತಾರೆ. ಕೊನೆಯಲ್ಲೂ ಬುಟ್ಟಿ ಸುರಿದರೆ ಕಾಳು ನೆಲಕ್ಕೆ. ಬ್ಯಾಟರಿಯಲ್ಲಿ ನಡೆಯೋದೂ ಹೀಗೇ. ಚಾರ್ಜ್ ಮಾಡುವಾಗ ಬ್ಯಾಟರಿಯೊಳಗಿನ ಲಿಥಿಯಂ ಕಣಗಳು ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆ ಗ್ರಾಫೈಟಿನ, ಅಂದರೆ ಪೆನ್ಸಿಲ್ ಕಡ್ಡಿಯ ವಸ್ತುವಿನ, ಪದರಗಳೊಳಗೆ ಹೋಗಿ ಕೂರಬೇಕು. ಮೊದಮೊದಲು ಜಾಗ ಬೇಕಾದಷ್ಟು. ತುಂಬುತ್ತಾ ಬಂದ ಹಾಗೆ ಖಾಲಿ ಜಾಗ ಹುಡುಕಿ ಒಳಗೆ ಹೋಗಲು ಸಮಯ ಬೇಕು. ಒತ್ತಾಯ ಮಾಡಿ ತಳ್ಳಿದರೆ ಲಿಥಿಯಂ ಒಳಗೆ ಹೋಗದೆ ಮೇಲೆಯೇ ಲೋಹವಾಗಿ ಅಂಟಿಕೊಳ್ಳುತ್ತದೆ. ಅದು ನೆಲಕ್ಕೆ ಬಿದ್ದ ಕಾಳು, ಮತ್ತೆ ಚೀಲಕ್ಕೆ ಬಾರದು. ಬ್ಯಾಟರಿಯ ಶಕ್ತಿ ಅಷ್ಟು ಕಡಿಮೆ ಆಯಿತು. ಮುಂದೆ ಒಳಗೇ ಶಾರ್ಟ್ ಆಗುವ ಅಪಾಯವೂ ಇದೆ. ಅದಕ್ಕೇ ಗಾಡಿ ತಾನೇ ಕೈ ನಿಧಾನ ಮಾಡುತ್ತದೆ. ಬ್ಯಾಟರಿ ಸೋಮಾರಿ ಆಗಿದ್ದಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಈ ಲಿಥಿಯಂ ಬ್ಯಾಟರಿಗಾಗಿ 2019ರಲ್ಲಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಮೂವರಿಗೆ ನೊಬೆಲ್ ಬಂತು. ಗುಡ್‌ಇನಫ್ ಅವರಿಗೆ ಆಗ 97 ವರ್ಷ.

ಒಂದು ಸಲ ಚಿತ್ರದುರ್ಗದಲ್ಲಿ 60 ಕಿಲೋವ್ಯಾಟ್ ಚಾರ್ಜರಿನ ಮುಂದೆ ಪೆನ್ನು ಹಿಡಿದು ಕೂತೆ. ಪಕ್ಕದಲ್ಲಿ ಬೇರೆ ಗಾಡಿ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಇರೋದನ್ನು ಹಾಗೇ ಓದುತ್ತೇನೆ. 18 ಪರ್ಸೆಂಟಿನಲ್ಲಿ 46 ಕಿಲೋವ್ಯಾಟ್. 40ರಲ್ಲಿ 47. 60ರಲ್ಲಿ 44. 72ರಲ್ಲಿ 36. 80ರಲ್ಲಿ 27. 88ರಲ್ಲಿ 15. 95ರಲ್ಲಿ 7. ಚಾರ್ಜರಿನ ಫ್ಯಾನಿನ ಸದ್ದೂ ಅದಕ್ಕೆ ತಕ್ಕ ಹಾಗೆ ಇಳಿಯುತ್ತಾ ಬಂತು. 18ರಿಂದ 80ಕ್ಕೆ 35 ನಿಮಿಷ, 25 ಯೂನಿಟ್. 80ರಿಂದ 97ಕ್ಕೆ 32 ನಿಮಿಷ, ಏಳು ಯೂನಿಟ್ ಕೂಡ ಇಲ್ಲ. ಆ ಎರಡನೆಯ ಅರ್ಧ ಗಂಟೆಯಲ್ಲಿ ನನ್ನ ಹಿಂದೆ ಒಂದು ಗಾಡಿ ಬಂದು ನಿಂತಿತ್ತು. ಒಳಗೆ ಸಣ್ಣ ಮಗು ಅಳುತ್ತಿತ್ತು. ನಾನು ಬರೆಯುವ ಗುಂಗಿನಲ್ಲಿ ನೋಡಲೇ ಇಲ್ಲ. ಅವತ್ತಿನಿಂದ ಹಿಂದೆ ಯಾರಾದರೂ ಇದ್ದರೆ 80ಕ್ಕೆ ಗನ್ ತೆಗೆಯುತ್ತೇನೆ. ನೀವೂ ದಯವಿಟ್ಟು ಹಾಗೇ ಮಾಡಿ.

ಬಿಸಿಲಿಗೂ ಇದರಲ್ಲಿ ಪಾಲಿದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 38, 39 ಡಿಗ್ರಿ. ಹೈವೇಯಲ್ಲಿ ಜೋರಾಗಿ ಬಂದು, ಅದೇ ದಿನ ಎರಡನೆಯ ಸಲ ಫಾಸ್ಟ್ ಚಾರ್ಜ್ ಹಾಕಿದಾಗ 46 ಬರುವ ಜಾಗದಲ್ಲಿ 30 ಬಂದಿದೆ. ಬ್ಯಾಟರಿ ಬಿಸಿಯಾಗಿತ್ತು, ತಣ್ಣಗಾಗುವವರೆಗೂ ಗಾಡಿ ಜಾಸ್ತಿ ಕೇಳಲಿಲ್ಲ. ನೆರಳಿರುವ ಚಾರ್ಜರ್ ಸಿಕ್ಕರೆ ಅದೇ ಒಳ್ಳೆಯದು.

ಹಾಗಾದರೆ ಬೆಂಗಳೂರಿಗೆ ಹೇಗೆ ಹೋಗಬೇಕು? ನಾನು ಮನೆಯಲ್ಲಿ ರಾತ್ರಿಯೇ ಪೂರ್ತಿ ತುಂಬಿಸಿ ಹೊರಡುತ್ತೇನೆ. ಶಿರಾ ಮುಟ್ಟುವಾಗ ಅರ್ಧಕ್ಕಿಂತ ಕಡಿಮೆ ಇರುತ್ತದೆ. ಅಲ್ಲಿ ತಿಂಡಿ ತಿನ್ನುವ ಇಪ್ಪತ್ತು ನಿಮಿಷದಲ್ಲಿ ಹನ್ನೆರಡು ಹದಿಮೂರು ಯೂನಿಟ್ ಸೇರುತ್ತದೆ. ಶಿರಾದ ಚಾರ್ಜರ್ ಕೆಟ್ಟಿದ್ದರೂ ತುಮಕೂರು ಮುಟ್ಟುವಷ್ಟು ಇರುತ್ತದೆ. ಒಂದು ಚಾರ್ಜರ್ ನಂಬಿ ಹೋಗುವುದಿಲ್ಲ, ಅದರ ಮುಂದಿನದನ್ನು ಮುಟ್ಟುವಷ್ಟು ಯೂನಿಟ್ ಇಟ್ಟುಕೊಂಡೇ ಹೋಗುತ್ತೇನೆ. ಹಿರಿಯೂರು ಕಲಿಸಿದ ಪಾಠ.

ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದರು. "ಸರ್, ದಿನಾ ರಾತ್ರಿ ನೂರಕ್ಕೆ ನೂರು ಮಾಡಬಹುದಾ? ಬ್ಯಾಟರಿ ಹಾಳಾಗಲ್ವಾ?" ಒಳ್ಳೆಯ ಪ್ರಶ್ನೆ ಅಮ್ಮ. ನಿಮ್ಮ ಗಾಡಿಯದು ಯಾವ ಜಾತಿಯ ಬ್ಯಾಟರಿ ಅಂತ ಮೊದಲು ಕೇಳಿಕೊಳ್ಳಿ. ನಮ್ಮಲ್ಲಿ ಬಹಳ ಗಾಡಿಗಳಲ್ಲಿ ಇರೋದು ಎಲ್‌ಎಫ್‌ಪಿ. ಅಂದರೆ ಕಬ್ಬಿಣ ಮತ್ತು ಫಾಸ್ಫೇಟ್ ಇರುವುದು. ಅದು ಗಟ್ಟಿ ಜೀವ. ಆಗಾಗ ನೂರು ಮಾಡಲೇಬೇಕು. ಯಾಕೆಂದರೆ ಅದರ ವೋಲ್ಟೇಜ್ ನಡುವೆ ಎಲ್ಲಾ ಒಂದೇ ಥರ ಇರುತ್ತದೆ, ಎಷ್ಟು ತುಂಬಿದೆ ಅಂತ ಗಾಡಿಗೇ ಸರಿಯಾಗಿ ತಿಳಿಯುವುದಿಲ್ಲ. ಪೂರ್ತಿ ತುಂಬಿದಾಗ ಲೆಕ್ಕ ಸರಿ ಮಾಡಿಕೊಳ್ಳುತ್ತದೆ. ನಿಕಲ್ ಇರುವ ಇನ್ನೊಂದು ಜಾತಿಗೆ ದಿನಾ ನೂರು ಬೇಡ, 80 ಸಾಕು. ಊರಿಗೆ ಹೊರಡುವ ಹಿಂದಿನ ರಾತ್ರಿ ಮಾತ್ರ ನೂರು. ವಾರಂಟಿ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ. ಇರುತ್ತದೆ, ಭಯ ಪಡಬೇಡಿ.

ನಮ್ಮ ಹಳ್ಳಿಗಳಲ್ಲಿ ಫಾಸ್ಟ್ ಚಾರ್ಜರ್ ಯಾಕೆ ಇಲ್ಲ ಅಂತ ಕೇಳುತ್ತಾರೆ. ಗಾಳಿ ಕರೆಂಟು ನಮ್ಮ ಗುಡ್ಡದಲ್ಲೇ ಹುಟ್ಟುತ್ತದೆ, ಪಕ್ಕದ ಪಾವಗಡದಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇದೆ. ಕೇಳುವುದು ನ್ಯಾಯವೇ. ಆದರೆ ಒಂದು 5 ಹೆಚ್‌ಪಿ ಪಂಪ್‌ಸೆಟ್ ಅಂದರೆ 3.7 ಕಿಲೋವ್ಯಾಟ್. 60 ಕಿಲೋವ್ಯಾಟ್ ಚಾರ್ಜರ್ ಅಂದರೆ ಅಂಥ ಹದಿನಾರು ಪಂಪ್‌ಸೆಟ್ ಒಂದೇ ಸಲ ಆನ್ ಮಾಡಿದ ಹಾಗೆ. ನಮ್ಮ ತೋಟಗಳ ಹತ್ತಿರ ನಿಂತಿರುವ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, 25, 63, ಹೆಚ್ಚೆಂದರೆ 100 ಕೆವಿಎ. ಕೆವಿಎ ಅಂದರೆ ಹೆಚ್ಚುಕಮ್ಮಿ ಕಿಲೋವ್ಯಾಟೇ ಅಂತ ಇಟ್ಟುಕೊಳ್ಳಿ. 63ರ ಟಿಸಿಗೆ ಒಂದು ಚಾರ್ಜರ್ ಹಾಕಿದರೆ ಬೇರೆಯವರ ಮೋಟಾರಿಗೆ ಏನೂ ಉಳಿಯುವುದಿಲ್ಲ. ಫಾಸ್ಟ್ ಚಾರ್ಜರಿಗೆ ಅದರದ್ದೇ ಟಿಸಿ ಬೇಕು, ಅದರದ್ದೇ ಲೈನ್ ಬೇಕು. ಬರೀ ಯಂತ್ರ ತಂದಿಟ್ಟು ರಿಬ್ಬನ್ ಕತ್ತರಿಸಿದರೆ ಆಗುವ ಕೆಲಸ ಅಲ್ಲ. ನಮ್ಮ ತಾಲೂಕು ಕೇಂದ್ರಗಳಲ್ಲಿ ಇದಕ್ಕೆ ಒತ್ತಾಯ ಮಾಡುವವರು ಟಿಸಿ ಸಮೇತ ಕೇಳಬೇಕು.

ಮನೆಗೆ ಅಷ್ಟೆಲ್ಲ ಬೇಡ. ಮನೆಯ ಪ್ಲಗ್ಗಿನಿಂದ ಗಂಟೆಗೆ ಮೂರು ಯೂನಿಟ್ ಹತ್ತಿರ ಬರುತ್ತದೆ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಇಪ್ಪತ್ತೈದು ಯೂನಿಟ್. ಪೇಟೆಯಲ್ಲಿ ದಿನಕ್ಕೆ ಅಷ್ಟು ಯಾರು ಓಡಿಸುತ್ತಾರೆ? ಗೋಡೆಗೆ ಹಾಕುವ 7.2 ಕಿಲೋವ್ಯಾಟ್ ಡಬ್ಬ ಬೇಕಾದರೆ ಹಾಕಿಸಿ. ಆದರೆ 11ರದ್ದು ತಂದರೆ ಜಾಸ್ತಿ ಬರುತ್ತದೆ ಅಂತ ತಿಳಿಯಬೇಡಿ. ಮನೆಗೆ ಬರುವ ಕರೆಂಟು ಎ.ಸಿ. ಜಾತಿಯದು, ಬ್ಯಾಟರಿಗೆ ಬೇಕಾದ್ದು ಡಿ.ಸಿ. ಅದನ್ನು ಇದಕ್ಕೆ ಬದಲಾಯಿಸುವ ಯಂತ್ರ ಗಾಡಿಯೊಳಗೇ ಇದೆ, ಅದರ ಮಿತಿ 7.2 ಆದರೆ 7.2ರಷ್ಟೇ ಬರುತ್ತದೆ. 11ಕ್ಕೆ ತ್ರೀ ಫೇಸ್ ಬೇರೆ ಬೇಕು. ಮೀಟರಿನಲ್ಲಿ ಹತ್ತು ಯೂನಿಟ್ ಓಡಿದರೆ ಬ್ಯಾಟರಿಗೆ ಒಂಬತ್ತು ಸೇರಿತು ಅಂತ ಲೆಕ್ಕ ಇಟ್ಟುಕೊಳ್ಳಿ.

ಮಾತು ಮುಗಿದ ಮೇಲೆ ಚನ್ನಗಿರಿ ಕಡೆಯ ಒಬ್ಬ ಅಡಿಕೆ ಬೆಳೆಗಾರರು ಹತ್ತಿರ ಬಂದರು. ತೋಟದ ಮನೆಯಲ್ಲಿ ಗಾಡಿ ಚಾರ್ಜ್ ಆಗುತ್ತಿಲ್ಲ, ಕೆಂಪು ದೀಪ ಬಂದು ನಿಂತುಬಿಡುತ್ತದೆ, ಪೇಟೆ ಮನೆಯಲ್ಲಿ ಸರಿಯಾಗಿ ಆಗುತ್ತದೆ ಅಂದರು. ಫೋನಿನಲ್ಲಿ ಬೋರ್ಡಿನ ಫೋಟೋ ತೋರಿಸಿದರು. ಪ್ಲಗ್ಗಿನ ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. "ಇದು ಮೊದಲು ತೆಗೆಸಿ" ಅಂದೆ. ಎಂಟು ಹತ್ತು ಗಂಟೆ ಒಂದೇ ಸಮ ಕರೆಂಟು ಎಳೆದರೆ ಹಳೆಯ ಪ್ಲಗ್ ತಡೆಯುವುದಿಲ್ಲ. ಮೀಟರಿನಿಂದ ನೇರ 4 ಚದರ ಎಂಎಂ ತಾಮ್ರದ ವೈರು ಎಳೆಸಿ, ಅದಕ್ಕೇ ಬೇರೆ ಎಂಸಿಬಿ ಸ್ವಿಚ್, ಗಟ್ಟಿ ಇಂಡಸ್ಟ್ರಿಯಲ್ ಪ್ಲಗ್ ಹಾಕಿಸಬೇಕು. ಕೆಂಪು ದೀಪಕ್ಕೆ ಕಾರಣ ಬೇರೆ. ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ಮಣ್ಣಿಗೆ ಇಳಿಸುವ ದಾರಿ, ಸರಿ ಇಲ್ಲದಿದ್ದರೆ ಗಾಡಿಯ ಚಾರ್ಜರ್ ಕರೆಂಟು ತಗೊಳ್ಳುವುದೇ ಇಲ್ಲ.

"ಅರ್ಥಿಂಗ್ ಗುಂಡಿ ಎಲ್ಲಿದೆ?"

"ಮನೆ ಹಿಂದೆ ಇತ್ತು ಸರ್. ಅಪ್ಪನ ಕಾಲದ್ದು. ಈಗ ಅದರ ಮೇಲೆ ಕಲ್ಲು ಹಾಸಿದ್ದೀವಿ."

ನೋಟ್‌ಬುಕ್ಕಿನ ಹಾಳೆ ಹರಿದು ಗುಂಡಿಯ ಚಿತ್ರ ಬರೆದುಕೊಟ್ಟೆ. ನಡುವೆ ಪೈಪ್, ಸುತ್ತ ಇದ್ದಿಲು, ಉಪ್ಪು, ಮೇಲೆ ನೀರು ಹಾಕಲು ಬಾಯಿ. ಬೇಸಿಗೆಯಲ್ಲಿ ವಾರಕ್ಕೆ ಎರಡು ಕೊಡ ನೀರು ಹಾಕಬೇಕು, ಮಣ್ಣು ಒಣಗಬಾರದು ಅಂದೆ. ಅವರು ಹಾಳೆ ಮಡಿಸಿ ಜೇಬಿಗೆ ಹಾಕಿಕೊಂಡರು.

"ಕಲ್ಲು ನಾಳೆನೇ ಕೀಳಿಸ್ತೀನಿ ಸರ್" ಅಂದರು.